ಅವ್ವನ ಬೆನ್ನಿನಲ್ಲಿ ನನ್ನ ಜಾಗ

ನಮ್ಮ ಊರಿನ ದರ್ಜಿಗಳಿಗೆ ಬೆನ್ನು ತೆರೆದ ರವಿಕೆ ಹೊಲಿಯಲು ಬರುವುದಿಲ್ಲ. ನನಗೂ ಬರುವುದಿಲ್ಲ. ಕತ್ತಿನ ಬುಡದವರೆಗೆ ಮುಚ್ಚಿ, ಸೊಂಟದ ಕೆಳಗೆ ಒಂದು ಗೇಣು ಇಳಿಬಿಟ್ಟು, ಗುಂಡಿಯನ್ನೆಲ್ಲ ಮುಂದಕ್ಕೆ ಇಟ್ಟು ಹೊಲಿಯುವುದು ನಮ್ಮ ರೂಢಿ. ಗಂಡಸರ ಅಂಗಿಯೂ ಹಾಗೆಯೇ. ಎಂಥ ಸೆಕೆಯಲ್ಲೂ ನಮ್ಮೂರ ಗಂಡಸರು ಬರಿಮೈಯಲ್ಲಿ ಜಗಲಿಯ ಮೇಲೆ ಕೂರುವುದಿಲ್ಲ. ಪಕ್ಕದೂರಿನ ಟೆಂಟಿನಲ್ಲಿ ಸಿನಿಮಾ ನೋಡಿ ಬಂದ ನಮ್ಮ ಹೆಂಗಸರು ನಾಯಕಿಯ ಬೋಳು ಬೆನ್ನನ್ನು ನೆನೆದು ದಾರಿಯುದ್ದಕ್ಕೂ ಮರುಗುತ್ತಿದ್ದರು. ಅಷ್ಟು ಚೆಲುವೆಯಾಗಿದ್ದೂ ಅವಳ ಬೆನ್ನಿನಲ್ಲಿ ಒಂದು ಮಗುವಿಗೂ ಜಾಗವಿಲ್ಲವಲ್ಲ ಎಂಬುದು ಅವರ ಸಂಕಟ.

ನಮ್ಮ ಬೆನ್ನು ಬೋಳಲ್ಲ. ಹುಟ್ಟುವಾಗ ಏನೂ ಇರುವುದಿಲ್ಲ. ಹಾಲುಹಲ್ಲು ಬಿದ್ದ ಮೇಲೆ ಕತ್ತಿನ ಬುಡದಲ್ಲಿ ಒಂದು ನೀಲಿ ಗೆರೆ ಉಬ್ಬಿಕೊಳ್ಳುತ್ತದೆ. ಅದು ಕೆಳಗಿಳಿಯುತ್ತ ಕವಲೊಡೆಯುತ್ತದೆ, ಆ ಕವಲುಗಳಿಂದ ಮತ್ತೆ ಕವಲು ಹೊರಡುತ್ತವೆ, ಹೀಗೆ ಹೋಗಿ ಹೋಗಿ ಸೊಂಟ ಮುಟ್ಟುವಷ್ಟರಲ್ಲಿ ಇಡೀ ಬೆನ್ನು ಕೂದಲೆಳೆಯಷ್ಟು ಸಣ್ಣ ಗೆರೆಗಳಿಂದ ತುಂಬಿರುತ್ತದೆ. ಗೆರೆ ಪೂರ್ತಿಯಾದ ವರ್ಷ ಮಗುವಿಗೆ ಬೆನ್ನುನೋಟ. ಮಗುವಿನ ಬೆನ್ನಿಗೆ ಕಾಡಿಗೆ ಸವರಿ, ಬಿಳಿ ಬಟ್ಟೆಗೆ ಅಚ್ಚು ತೆಗೆಯುತ್ತಾರೆ. ಆ ಬಟ್ಟೆ ಹಿಡಿದುಕೊಂಡು ತಾಯಿಯ ಬೆನ್ನಿನಲ್ಲಿ ಹುಡುಕುತ್ತಾರೆ. ಮಗುವಿನ ಬೆನ್ನಿನ ಇಡೀ ಚಿತ್ರ ತಾಯಿಯ ಬೆನ್ನಿನ ಯಾವುದೋ ಒಂದು ಪುಟ್ಟ ಕವಲಿನಲ್ಲಿ ಇದ್ದೇ ಇರುತ್ತದೆ. ಸಿಕ್ಕಿದ ಕಡೆ ಅರಿಶಿನದ ಬೊಟ್ಟು ಇಡುತ್ತಾರೆ. ಆ ಮಗು ಬಂದದ್ದು ಅಲ್ಲಿಂದ, ಅದರ ಬಾಳು ನಡೆಯಬೇಕಾದದ್ದೂ ಆ ಜಾಗಕ್ಕೆ ತಕ್ಕ ಹಾಗೆ.

ಕತ್ತಿನಲ್ಲಿ ಸಿಕ್ಕವರಿಗೆ ಮನೆ, ಅಂಗಡಿ, ಪಂಚಾಯಿತಿ ಕಟ್ಟೆಯಲ್ಲಿ ಮಾತು. ನಡುಬೆನ್ನಿನವರು ಮದುವೆಯಾಗಿ ತಮ್ಮ ಪಾಡು ತಾವು ನೋಡಿಕೊಳ್ಳುತ್ತಾರೆ. ಸೊಂಟದಲ್ಲಿ ಸಿಕ್ಕವರು ಮದುವೆಯಾಗುವಂತಿಲ್ಲ. ತಾಯಿ ಬದುಕಿರುವಷ್ಟು ಕಾಲ ತಾಯಿಯ ಜೊತೆಗಿದ್ದು, ಆಮೇಲೆ ಕತ್ತಿನವರ ಮನೆಗೆ ಪಾತ್ರೆ ಪಡಗದ ಜೊತೆ ತಾವೂ ಹೋಗಿ ಸೇರುತ್ತಾರೆ. ಇದನ್ನು ನಮ್ಮಲ್ಲಿ ಯಾರೂ ಅನ್ಯಾಯ ಎನ್ನುವುದಿಲ್ಲ. ಮೈಯಲ್ಲೇ ಬರೆದುಕೊಂಡು ಬಂದದ್ದಕ್ಕೆ ಯಾರನ್ನು ಬೈಯುವುದು?

ಇನ್ನೊಂದು ನಿಯಮವಿದೆ. ತನ್ನನ್ನು ತಾನೇ ಹುಡುಕಿಕೊಳ್ಳಬಾರದು, ಅಂದರೆ ಹೆತ್ತವಳ ಬೆನ್ನನ್ನು ಮಕ್ಕಳು ನೋಡಬಾರದು. ಗಂಡನಾದರೂ ಹೆಂಡತಿಯ ಬೆನ್ನನ್ನು ಕತ್ತಲಲ್ಲಿ ಕೈಯಿಂದ ಬಲ್ಲ, ಕಣ್ಣಿಂದಲ್ಲ. ಊರಿನ ಬೆನ್ನುಗಳನ್ನೆಲ್ಲ ಕಣ್ಣಾರೆ ಕಂಡವಳೆಂದರೆ ನನ್ನ ಸೋದರತ್ತೆ ನಿಂಗಾಜಮ್ಮ ಒಬ್ಬಳೇ. ಬೆನ್ನುನೋಟ ಮಾಡುವ ಕೆಲಸ ಅವಳಿಗೆ ಅವಳ ಅತ್ತೆಯಿಂದ ಬಂದದ್ದು. ಬೀದಿಯಲ್ಲಿ ಅವಳು ಬಂದರೆ ದೊಡ್ಡ ದೊಡ್ಡ ಗಂಡಸರು ಚಪ್ಪಲಿ ಬಿಟ್ಟು ನಿಲ್ಲುತ್ತಿದ್ದರು.

ನನ್ನ ಬೆನ್ನುನೋಟ ನನಗೆ ಚೆನ್ನಾಗಿ ನೆನಪಿದೆ. ಅಣ್ಣ ಶಿವನಂಜ ಅದಾಗಲೇ ಅವ್ವನ ಕತ್ತಿನಲ್ಲಿ ಸಿಕ್ಕು ಮನೆಯಲ್ಲಿ ಮೆರೆಯುತ್ತಿದ್ದ. ಕೋಣೆಯ ಬಾಗಿಲು ಹಾಕಿ ಅವ್ವನನ್ನು ಮಣೆಯ ಮೇಲೆ ಕೂರಿಸಿದರು. ಮಗು ತಾಯಿಯ ಎದುರಿಗೆ, ಅವಳ ಮುಖ ನೋಡಿಕೊಂಡು ನಿಲ್ಲಬೇಕು. ಅತ್ತೆ ಹಿಂದೆ ಕೂತು ನನ್ನ ಅಚ್ಚುಬಟ್ಟೆ ಬಿಡಿಸಿದಳು. ಆ ಬಟ್ಟೆಯಲ್ಲಿ ನನ್ನ ಗೆರೆ ನಾನು ಮೊದಲ ಸಲ ಕಂಡಿದ್ದೆ. ಮೂರು ಕವಲು, ನಡುವಿನದು ಎಡಕ್ಕೆ ಬಾಗಿದ್ದು, ಬಲಗಡೆಯದು ಯಾರೋ ಕಡಿದ ಹಾಗೆ ಮೊಂಡು. ಆ ಮೊಂಡು ಕವಲು ನೋಡಿ ನನಗೆ ಅಳು ಬಂದಿತ್ತು. ಅವ್ವ ನನ್ನ ಮುಖ ನೋಡಿ ನಕ್ಕಳು. ತೊಡೆಯ ಮೇಲಿದ್ದ ಕೈಯನ್ನು ಹಿಂದಕ್ಕೆ ಒಯ್ದು ಸೊಂಟ ತುರಿಸಿಕೊಂಡಳು. ಸೊಳ್ಳೆ ಕಡಿಯಿತೇನೋ ಎಂದುಕೊಂಡೆ. ಅತ್ತೆ ತಡಮಾಡಲಿಲ್ಲ. "ಸಿಕ್ಕಿದ್ಲು ಕಣಮ್ಮ ಮುದ್ದಮ್ಮ, ಇಲ್ಲೇ ಸೊಂಟದಲ್ಲವ್ಳೆ" ಎಂದು ಅವ್ವನಿಗೆ ಹೇಳಿ ಬೊಟ್ಟಿಟ್ಟು, ಬಾಗಿಲು ತೆರೆದು ಹೊರಗೆ ಕಾದಿದ್ದವರಿಗೆ ಸಾರಿದಳು. ಹೊರಗೆ ಒಬ್ಬರಿಗೂ ಬೇಜಾರಾಗಲಿಲ್ಲ. ಪಾಯಸ ಮಾಡಿದ್ದರು, ಎಲ್ಲರೂ ಉಂಡರು.

ಸೊಂಟದವಳಾಗಿ ಬದುಕುವುದನ್ನು ಕಲಿತೆ. ಹೊಲಿಗೆ ಕಲಿತೆ. ಅವ್ವನ ಮನೆಯ ಪಡಸಾಲೆಯ ಕಿಟಕಿ ಹತ್ತಿರ ಮಿಷನ್ನು ಹಾಕಿಕೊಂಡು ಊರಿನವರ ಬೆನ್ನುಗಳನ್ನೆಲ್ಲ ಭದ್ರವಾಗಿ ಮುಚ್ಚಿದೆ. ಆ ಕಿಟಕಿಯಲ್ಲಿ ಬೆಳಗಿನ ಬಿಸಿಲು ಬೀಳುವಷ್ಟು ಹೊತ್ತು ನಾನು ಯಾರ ಸೊಂಟದವಳೂ ಆಗಿರುತ್ತಿರಲಿಲ್ಲ. ಬಳೆ ಮಾರುವ ರೇವಣ್ಣ ಹೊರಗಿನ ಊರಿನವನು, ಅವನ ಬೆನ್ನು ಬೋಳು. ಅವನಿಗೆ ನಮ್ಮ ಕಟ್ಟುಪಾಡು ಅರ್ಥವಾಗುತ್ತಿರಲಿಲ್ಲ. "ಬೆನ್ನು ನೋಡಿ ನಾನೇನ್ಮಾಡ್ಲಿ ದೇವೀರಿ, ನಾನು ನೋಡಿರೋದು ನಿನ್ನ ಕೈಯಿ" ಎಂದ. ಅವನು ನನ್ನನ್ನು ಮದುವೆಗೆ ಕೇಳಿದ್ದನ್ನು ಅವ್ವನಿಗೆ ಹೇಳಿದೆ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, "ನಿನ್ನ ಜಾಗ ಅಂಥದ್ದು ಮಗಾ, ನಾನೇನು ಮಾಡ್ಲಿ ಹೇಳು. ನನ್ನ ಕೈಯಲ್ಲೇನಿದೆ?" ಎಂದಳು. ಅವಳು ಅಳುವುದು ನೋಡಲಾರದೆ ನಾನೇ ಅವಳನ್ನು ಸಮಾಧಾನ ಮಾಡಿದೆ. ರೇವಣ್ಣ ಇನ್ನೊಂದು ಸಲ ಬಂದು ಹೋದ, ಆಮೇಲೆ ಬೇರೆ ದಾರಿಯಲ್ಲಿ ವ್ಯಾಪಾರಕ್ಕೆ ಹೋಗತೊಡಗಿದ.

ಅವ್ವನಿಗೆ ವಯಸ್ಸಾದ ಮೇಲೆ ದಿನಾ ಸ್ನಾನ ಮಾಡಿಸುವವಳು ನಾನೇ. ಬೆನ್ನು ಉಜ್ಜುವಾಗ ಗೋಡೆ ನೋಡುತ್ತಿದ್ದೆ. ಬಚ್ಚಲಿನ ಆ ಗೋಡೆಯಲ್ಲಿ ಎಲ್ಲೆಲ್ಲಿ ಗಾರೆ ಕಿತ್ತಿದೆ ಎಂದು ಈಗಲೂ ಕಣ್ಣುಮುಚ್ಚಿ ಹೇಳಬಲ್ಲೆ. ಅಂಗೈಗೆ ಗೆರೆಗಳ ಉಬ್ಬು ಸಿಗುತ್ತಿತ್ತು. ಸೊಂಟದ ಹತ್ತಿರ ಬಂದಾಗ ಕೈ ತಾನಾಗಿ ಮೆತ್ತಗಾಗುತ್ತಿತ್ತು, ನನ್ನನ್ನು ನಾನೇ ತಿಕ್ಕುತ್ತಿದ್ದೇನಲ್ಲ ಎಂದು.

ಆ ವರ್ಷ ಅವ್ವನಿಗೆ ಉಬ್ಬಸ ಹೆಚ್ಚಾಗಿ ಮಲಗಿದರೆ ಏಳಲಾರದ ಹಾಗಾಯಿತು. ಅಣ್ಣ ಒಂದು ಗಾಡಿ ಮಾಡಿಕೊಟ್ಟು, ಅಂಗಡಿ ಬಿಟ್ಟು ಬರಲಾಗುವುದಿಲ್ಲ ಎಂದ. ಹೊಳೆಯಾಚೆಯ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಅಲ್ಲಿ ಒಬ್ಬಳು ಡಾಕ್ಟರು, ನಿದ್ದೆ ಸಾಲದ ಮುಖದವಳು. ಅವಳ ಹಿಂದಿನ ಗೋಡೆಯಲ್ಲಿ ಮನುಷ್ಯನ ಎದೆಗೂಡು ಸೀಳಿ ತೋರಿಸಿದ ಒಂದು ಪಟ ತೂಗುಹಾಕಿದ್ದರು. ಅದರಲ್ಲಿ ಒಂದು ನಳಿಕೆ ಇಳಿದು ಕವಲೊಡೆದಿತ್ತು, ಕವಲು ಮತ್ತೆ ಕವಲಾಗಿ ಕೊನೆಗೆ ಕೂದಲೆಳೆಯಾಗಿತ್ತು. ನಮ್ಮೂರಿನ ಯಾರದೋ ಬೆನ್ನನ್ನು ತಂದು ಗೋಡೆಗೆ ಹೊಡೆದಿದ್ದಾರೆ ಎನ್ನಿಸಿತು. "ಇದು ಯಾರ ಬೆನ್ನು?" ಎಂದು ಕೇಳಿಯೇಬಿಟ್ಟೆ.

"ಬೆನ್ನಲ್ಲಮ್ಮ, ಶ್ವಾಸಕೋಶ" ಎಂದಳು ಡಾಕ್ಟರು ಕೈ ತೊಳೆಯುತ್ತ. "ಎಲ್ಲರ ಒಳಗೂ ಇರುತ್ತೆ. ಉಸಿರು ಹೋಗೋ ದಾರಿ. ರಕ್ತನಾಳನೂ ಹೀಗೇ ಕವಲಾಗ್ತಾ ಹೋಗುತ್ತೆ. ಸಣ್ಣದೊಂದು ತುದಿ ಕತ್ತರಿಸಿ ದೊಡ್ಡದು ಮಾಡಿ ನೋಡಿದ್ರೂ ಇಡೀ ಮರದ ಥರಾನೇ ಕಾಣ್ಸೋದು."

"ಇದರಲ್ಲಿ ಮೇಲಿನದಕ್ಕೆ ಏನು, ಕೆಳಗಿನದಕ್ಕೆ ಏನು ಕೆಲಸ ಡಾಕ್ಟ್ರಮ್ಮ?"

"ಮೇಲೇನು ಕೆಳಗೇನು, ಎಲ್ಲಾ ಉಸಿರಾಡೋದೇ. ಸ್ವಲ್ಪ ಹಿಂದಿನಿಂದ ರವಿಕೆ ಎತ್ತಿ, ನೋಡೋಣ."

ಅವ್ವನಿಗೆ ಬೇಡವೆನ್ನಲು ಉಸಿರಿರಲಿಲ್ಲ. ನಾನು ಹೊಲಿದ ರವಿಕೆಯನ್ನು ನಾನೇ ಎತ್ತಿ ಹಿಡಿದೆ. ಎಂದಿನ ಹಾಗೆ ಗೋಡೆ ನೋಡಲು ಹೋದೆ, ಗೋಡೆಯ ಮೇಲೆ ಆ ಪಟವಿತ್ತು. ಕಣ್ಣು ತಿರುಗಿಸಿದರೆ ಅವ್ವನ ಬೆನ್ನು. ನೋಡಿದೆ.

ಕತ್ತಿನಿಂದ ಇಳಿದ ದಪ್ಪ ಗೆರೆ ಮೂರು ಕವಲಾಗಿತ್ತು. ನಡುವಿನದು ಎಡಕ್ಕೆ ಬಾಗಿತ್ತು, ಬಲಗಡೆಯದು ಮೊಂಡು. ಅದು ನನ್ನ ಅಚ್ಚುಬಟ್ಟೆಯ ಚಿತ್ರವೇ. ಇನ್ನೂ ಹತ್ತಿರ ಬಾಗಿದೆ. ಅಣ್ಣ ಸಿಕ್ಕಿದನೆಂಬ ಕತ್ತಿನ ಬುಡದ ಪುಟ್ಟ ಕವಲಿನಲ್ಲಿ ಮೂರು, ನಡುವಿನದು ಎಡಕ್ಕೆ, ಬಲಗಡೆಯದು ಮೊಂಡು. ನಡುಬೆನ್ನಿನಲ್ಲೂ ಅದೇ, ಪಕ್ಕೆಯಲ್ಲೂ ಅದೇ. ಹೂಕೋಸು ಬಿಡಿಸುವಾಗ ಎಷ್ಟು ಸಣ್ಣ ಎಸಳು ಮುರಿದರೂ ಅದು ಹೂಕೋಸಿನ ಹಾಗೆಯೇ ಇರುತ್ತದಲ್ಲ, ಹಾಗೆ. ಅವ್ವನ ಬೆನ್ನಿನಲ್ಲಿ ನಾನಿಲ್ಲದ ಒಂದು ಬೆರಳಗಲ ಜಾಗವೂ ಇರಲಿಲ್ಲ. ಅಣ್ಣನಿಗೂ ನನಗೂ ಒಂದು ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಡಾಕ್ಟರು "ಹಚ್ಚೆನಾ ಇದು, ಚೆನ್ನಾಗಿದೆ" ಎಂದು ಹೇಳಿ ಮಾತ್ರೆ ಬರೆದಳು.

ಮನೆಗೆ ಬಂದವಳೇ ಅಟ್ಟದ ಪೆಟ್ಟಿಗೆಯಿಂದ ಎರಡು ಅಚ್ಚುಬಟ್ಟೆಗಳನ್ನೂ ತೆಗೆದೆ. ಸತ್ತಾಗ ಹೊದಿಸುವುದಕ್ಕೆಂದು ಅವನ್ನು ಮಡಿಸಿಟ್ಟಿರುತ್ತಾರೆ, ನಡುವೆ ಯಾರೂ ಬಿಡಿಸುವುದಿಲ್ಲ. ಅಣ್ಣನದರ ಮೇಲೆ ನನ್ನದನ್ನು ಇಟ್ಟು ಬೆಳಕಿಗೆ ಹಿಡಿದೆ. ಎರಡೂ ಒಂದೇ. ಮೊಂಡು ಕವಲು ಅವನಿಗೂ ಇತ್ತು. ಅಷ್ಟು ವರ್ಷ ಆ ಮೊಂಡು ಕವಲನ್ನು ನಾನು ನನ್ನ ಹಣೆಬರಹವೆಂದು ತಿಳಿದಿದ್ದೆ, ಅವನು ಅದನ್ನೇ ಬೆನ್ನಿಗಿಟ್ಟುಕೊಂಡು ಪಂಚಾಯಿತಿ ಕಟ್ಟೆಯಲ್ಲಿ ತೀರ್ಪು ಕೊಡುತ್ತಿದ್ದ. ನನಗೆ ನಗು ಬಂತು, ಹೊಟ್ಟೆಯೂ ಉರಿಯಿತು.

"ಅವ್ವಾ, ನಾನು ನಿನ್ನ ಕತ್ತಲ್ಲೂ ಇದ್ದೀನಿ" ಎಂದೆ. ಅವ್ವ ನನ್ನನ್ನೇ ನೋಡಿದಳು. ಆಶ್ಚರ್ಯ ಪಡಲಿಲ್ಲ. "ಬೆನ್ನು ನೋಡಬಾರದಿತ್ತು ನೀನು" ಎಂದು ಒಂದಷ್ಟು ಹೊತ್ತು ಏದುಸಿರು ಬಿಟ್ಟು, "ನೀರು ಕೊಡು" ಎಂದಳು. ಕೊಟ್ಟೆ. ಆಮೇಲೆ ಬದುಕಿದ್ದಷ್ಟು ದಿನ ಆ ಮಾತು ಎತ್ತಲು ಅವಳು ನನಗೆ ಎಡೆಗೊಡಲಿಲ್ಲ. ನಾನು ಬಾಯಿ ತೆರೆದಾಗಲೆಲ್ಲ ಅವಳಿಗೆ ಬಾಯಾರಿಕೆ.

ಅವ್ವ ಒಂದು ಬೆಳಿಗ್ಗೆ ಹೋದಳು. ಊರು ನೆರೆಯಿತು. ಅಣ್ಣ ಜಗಲಿಯಲ್ಲಿ ತಲೆಯ ಮೇಲೆ ಕೈ ಹೊತ್ತು ಕೂತ. ಅತ್ತಿಗೆ ಅಳುತ್ತ ಅಳುತ್ತಲೇ ಅಡುಗೆಮನೆಯೊಳಗೆ ಹೋಗಿ ಹಂಡೆ, ಕೊಳಗ, ಒನಕೆ ಎಲ್ಲದರ ಮೇಲೂ ಕಣ್ಣಾಡಿಸಿ ಬಂದು, "ಇನ್ನು ನೀನು ನಮ್ಮನೆಗೇ ಬಂದ್ಬಿಡು ದೇವೀರಿ, ಹಿಂದಗಡೆ ಕೋಣೆ ಖಾಲಿ ಮಾಡಿಸ್ತೀನಿ. ಈ ಮನೇನ ಗೋದಾಮು ಮಾಡ್ಕೋತಾರಂತೆ ನಿಮ್ಮಣ್ಣ" ಎಂದಳು. ಕಿಟಕಿ ಹತ್ತಿರದ ನನ್ನ ಮಿಷನ್ನಿನ ಮೇಲೆ ಆಗಲೇ ಯಾರೋ ಹೂವಿನ ಬುಟ್ಟಿ ಇಟ್ಟಿದ್ದರು. ಅದನ್ನು ನೋಡಿದ ಮೇಲೆ ನನಗೆ ತಡೆಯಲಾಗಲಿಲ್ಲ. ಜಗಲಿಗೆ ಬಂದು, ಎಲ್ಲರಿಗೂ ಕೇಳುವ ಹಾಗೆ, "ನನಗೆ ಮರುನೋಟ ಆಗಬೇಕು" ಎಂದೆ.

ಮರುನೋಟ ನಮ್ಮಲ್ಲಿ ಇದೆ, ಆದರೆ ಯಾರೂ ಕೇಳುವುದಿಲ್ಲ. ತಾಯಿ ಸತ್ತ ದಿನ, ಅವಳ ಬೆನ್ನಿನ ಗೆರೆ ಮಾಸುವುದರೊಳಗೆ, ಮಗು ಇನ್ನೊಮ್ಮೆ ತನ್ನ ಜಾಗ ನೋಡಿಸಬಹುದು. ಸಂಜೆಯ ಹೊತ್ತಿಗೆ ಗೆರೆ ಮಾಸಿಬಿಡುತ್ತದೆ. ಆಮೇಲೆ ಏನೂ ಮಾಡುವಂತಿಲ್ಲ.

"ಹೆಣದ ಮುಂದೆ ಇದೆಂಥ ಹಟ?" ಎಂದ ಅಣ್ಣ. "ಊಟಕ್ಕೆ ಬಟ್ಟೆಗೆ ನಾನೇನು ಕಡಿಮೆ ಮಾಡ್ತೀನಿ ಅಂದ್ನಾ?"

"ಈ ಮನೇಲಿ ಇರ್ತೀನಿ ಅಣ್ಣಾ. ನನಗೆ ಬೇಕಾದ್ದು ಅಷ್ಟೇ. ನನ್ನ ಕಿಟಕಿ, ನನ್ನ ಮಿಷನ್ನು. ನೀನು ಕತ್ತಲ್ಲೇ ಇರು, ನಾನು ಬೇಡ ಅನ್ನಲ್ಲ. ನನ್ನನ್ನ ಅಲ್ಲಿ ಇನ್ನೊಂದ್ಸಲ ಹುಡುಕಲಿ."

ಹಕ್ಕು ಹಕ್ಕೇ ಎಂದು ಹಿರಿಯರು ಒಪ್ಪಿದರು. ಅವರ ಮುಖದಲ್ಲಿ ಹೆದರಿಕೆಯೇನೂ ಇರಲಿಲ್ಲ. ಅತ್ತೆ ನಿಂಗಾಜಮ್ಮನನ್ನು ಕರೆಸಿದರು. ಕೋಲೂರಿಕೊಂಡು ಬಂದಳು. ಅವ್ವನನ್ನು ಬೋರಲು ಮಲಗಿಸಿ, ಅರೆದ ಅರಿಶಿನದ ಬಟ್ಟಲು ಪಕ್ಕದಲ್ಲಿಟ್ಟು, ನನ್ನನ್ನೂ ಅತ್ತೆಯನ್ನೂ ಒಳಗೆ ಬಿಟ್ಟು ಬಾಗಿಲು ಹಾಕಿದರು. ನಾನು ಎರಡೂ ಬಟ್ಟೆ ಬಿಡಿಸಿ ಅವಳ ಮುಂದೆ ಹಿಡಿದೆ.

"ನೋಡತ್ತೆ. ಎರಡೂ ಒಂದೇ. ಅವ್ವನ ಬೆನ್ನಲ್ಲಿ ಎಲ್ಲಿ ನೋಡಿದ್ರೂ ಇದೇ. ನಿನಗೆ ಗೊತ್ತಿಲ್ಲ ಅಂತ ಹೇಳ್ಬೇಡ."

ಅತ್ತೆ ಬಟ್ಟೆಯನ್ನು ನೋಡಲೇ ಇಲ್ಲ. ಅವ್ವನ ಪಕ್ಕದಲ್ಲಿ ಕಷ್ಟಪಟ್ಟು ಕೂತು, ಅವಳ ಕೆದರಿದ ಕೂದಲನ್ನು ಸರಿಮಾಡಿದಳು. "ಗೊತ್ತಿಲ್ದೆ ಏನು? ಎಲ್ಲಾರ ಬೆನ್ನೂ ಹಂಗೇ ಇರೋದು. ಮೊದಲನೇ ಬೆನ್ನು ನೋಡ್ದಾಗ್ಲೇ ನಂಗೆ ತಿಳೀತು. ನಮ್ಮತ್ತೆಗೂ ತಿಳಿದಿತ್ತು."

"ಮತ್ತೆ ಜಾಗ ಹೆಂಗೆ ಹೇಳ್ತೀಯ? ನಿನ್ನ ಬೆರಳು ಹೋದ ಕಡೆನಾ?"

"ನನ್ನ ಬೆರಳಿಗೇನು ತಿಳೀತದೆ" ಎಂದಳು ಅತ್ತೆ. "ಹೆತ್ತವಳು ತೋರಿಸ್ತಾಳೆ. ಯಾವ ಮಗು ಎಲ್ಲಿರ್ಬೇಕು ಅಂತ ಅವಳು ಕೈಯಿಟ್ಟು ತುರಿಸ್ಕೋತಾಳೆ. ಅಲ್ಲಿ ನಾವು ಬೊಟ್ಟಿಡ್ತೀವಿ. ಅಷ್ಟೇ ಕಣವ್ವ ನಮ್ಮ ಕೆಲಸ."

ಅವ್ವನ ನಗುಮುಖ, ತೊಡೆಯಿಂದ ಹಿಂದಕ್ಕೆ ಹೋದ ಕೈ, ಸೊಳ್ಳೆ ಕಡಿಯಿತೇನೋ ಎಂದುಕೊಂಡ ನಾನು. ಎರಡೂ ಬಟ್ಟೆಗಳನ್ನು ನೆಲಕ್ಕೆ ಹಾಕಿ ಅತ್ತೆಯ ಪಕ್ಕದಲ್ಲಿ ಕೂತೆ.

"ನಿನ್ನ ಕಂಡ್ರೆ ಅವಳಿಗೆ ಪ್ರಾಣ. ಶಿವನಂಜನ್ನ ಯಾವತ್ತೂ ಹಂಗೆ ನೋಡ್ಲಿಲ್ಲ. ನೀನು ಮದುವೆಯಾಗಿ ಹೋದ್ರೆ ನಾನು ಬದುಕಲ್ಲ ಅಂತಿದ್ಲು. ಪಿರೂತಿಗೆ ಹಂಗೆ ಮಾಡಿದ್ಲು ದೇವೀರಿ, ತಪ್ಪು ತಿಳ್ಕೋಬೇಡ."

ಪ್ರೀತಿ. ನನ್ನ ಜೀವಮಾನವನ್ನು ಸೊಂಟಕ್ಕೆ ಕಟ್ಟಿಕೊಂಡಳು, ಅದಕ್ಕೆ ಇವರು ಇಟ್ಟ ಹೆಸರು ಪ್ರೀತಿ. ರೇವಣ್ಣನ ವಿಷಯ ಹೇಳಿದಾಗ ನನ್ನ ಕೈಯಲ್ಲೇನಿದೆ ಎಂದು ಅತ್ತಳಲ್ಲ, ಅದೂ ಪ್ರೀತಿಯೇ. ನನ್ನನ್ನು ದ್ವೇಷಿಸಿ ಸೊಂಟದಲ್ಲಿ ಇಟ್ಟಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದೆ. ಸತ್ತವಳ ಮೇಲೆ ನನಗೆ ಅಷ್ಟು ಸಿಟ್ಟು ಬರುತ್ತದೆಂದು ನಾನು ಎಣಿಸಿರಲಿಲ್ಲ.

"ಇದನ್ನೇ ಹೊರಗೆ ಹೇಳತ್ತೆ. ಜನರ ಮುಂದೆ ಹೇಳು" ಎಂದೆ.

"ಹೇಳಿದ್ರೆ?" ಎಂದಳು ಅತ್ತೆ. "ಊರಲ್ಲಿರೋ ಸೊಂಟದ ಮಕ್ಕಳೆಲ್ಲ ಅವರವರ ಅವ್ವಂದಿರ ಮುಖ ಹೆಂಗೆ ನೋಡ್ಬೇಕು? ನೀನು ನೋಡ್ತಿದ್ಯಲ್ಲ ಈಗ, ಹಂಗೇ ಎಲ್ಲರೂ ನೋಡ್ಬೇಕಾ?" ಬೆರಳನ್ನು ಅರಿಶಿನಕ್ಕೆ ಅದ್ದಿ, ಅವ್ವನ ಸೊಂಟದಲ್ಲಿ, ಹಿಂದೆ ಇಟ್ಟಿದ್ದ ಜಾಗದಲ್ಲೇ ಬೊಟ್ಟಿಟ್ಟಳು. ಏಳಲು ನನ್ನ ಭುಜವನ್ನೇ ಊರಿಕೊಂಡಳು.

ನಾನು ಬಟ್ಟಲು ಕಸಿದುಕೊಂಡೆ. ಕೈತುಂಬ ಅರಿಶಿನ ತೆಗೆದು ಅವ್ವನ ಕತ್ತಿಗೆ ಬಳಿದೆ, ನಾನಿಲ್ಲಿದ್ದೀನಿ ಎಂದು. ಭುಜಕ್ಕೆ ಬಳಿದೆ, ಪಕ್ಕೆಗೆ ಬಳಿದೆ, ನಡುಬೆನ್ನಿಗೆ ಬಳಿದೆ. ಇಲ್ಲಿದ್ದೀನಿ, ಇಲ್ಲೂ ಇದ್ದೀನಿ ಎಂದು ಕೂಗುತ್ತಿದ್ದೆನಂತೆ. ಅತ್ತೆ ತಡೆಯಲಿಲ್ಲ. ಬಟ್ಟಲು ಬರಿದಾದ ಮೇಲೆ ನಾನೇ ಹೋಗಿ ಬಾಗಿಲು ತೆರೆದು, "ಬನ್ನಿ, ಎಲ್ಲರೂ ಬಂದು ನೋಡಿ ಅವ್ವನ ಬೆನ್ನನ್ನ" ಎಂದೆ.

ಬಂದರು, ನೋಡಿದರು. ನನಗೆ ಆಗಲೇ ತಿಳಿದದ್ದು ನಾನೇನು ಮಾಡಿಬಿಟ್ಟೆನೆಂದು. ಅರಿಶಿನದ ಕೆಳಗೆ ಒಂದು ಗೆರೆಯೂ ಕಾಣುತ್ತಿರಲಿಲ್ಲ. ಕತ್ತಿನಿಂದ ಸೊಂಟದವರೆಗೆ ಹಳದಿಯೋ ಹಳದಿ. ತೋರಿಸಬೇಕೆಂದು ಹೋಗಿ ಎಲ್ಲವನ್ನೂ ನನ್ನ ಕೈಯಾರೆ ಮುಚ್ಚಿಬಿಟ್ಟಿದ್ದೆ. ತೊಳೆಯಲು ನೀರಿಗೆ ಓಡಿದೆ. ಹೆಂಗಸರು ಹಿಡಿದುಕೊಂಡರು. ಸೊಂಟದಲ್ಲೇ ಸಿಕ್ಕಿದಳು ಎಂದು ಅತ್ತೆ ಜಗಲಿಯಲ್ಲಿ ಸಾರುವುದು ಕೇಳಿಸಿತು. ಹಿರಿಯರೊಬ್ಬರು ಕಣ್ಣೊರೆಸಿಕೊಂಡು, "ಎಂಥಾ ಮಗಳು ನೋಡ್ರಪ್ಪ. ಅವ್ವನ ಬೆನ್ನಿಗೆ ಗಾಳಿ ಸೋಕಬಾರದು ಅಂತ ಪೂರ್ತಿ ಅರಿಶಿನ ಮೆತ್ತವ್ಳೆ" ಎಂದರು. ಅಣ್ಣ ನನ್ನನ್ನು ತಬ್ಬಿಕೊಂಡು ಗೋಳೋ ಎಂದು ಅತ್ತ. ಬೆಳಗಿನ ಹಟವನ್ನು ಎಲ್ಲರೂ ದುಃಖದ ಲೆಕ್ಕಕ್ಕೆ ಬರೆದುಕೊಂಡರು.

ಅಲ್ಲಿಂದ ಇದು ನಮ್ಮೂರಿನ ಪದ್ಧತಿಯಾಗಿದೆ. ತಾಯಿ ಸತ್ತರೆ ಸೊಂಟದ ಮಗಳು ಅವಳ ಬೆನ್ನಿಗೆ ಅರಿಶಿನ ಬಳಿಯಬೇಕು, ಕಡೆಯ ಸೇವೆ ಅಂತ. ಮರುನೋಟಕ್ಕೆ ಇನ್ನು ಎಡೆಯೇ ಇಲ್ಲ, ಹೊತ್ತಾಗುವ ಮುಂಚೆಯೇ ಬಳಿದುಬಿಡುತ್ತಾರೆ. ನಾನು ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿದ್ದೇನೆ. ಮಿಷನ್ನು ಇಲ್ಲಿದೆ, ಕಿಟಕಿ ಇಲ್ಲ. ಎಲ್ಲಿ ಸಾವಾದರೂ ಅರಿಶಿನ ಅರೆದು ಕೊಟ್ಟು ಬಳಿಯುವ ಕ್ರಮ ತೋರಿಸಲು ನನ್ನನ್ನೇ ಕರೆಯುತ್ತಾರೆ. ಹೋಗುತ್ತೇನೆ. ನನ್ನ ಅಂಗೈಯ ಹಳದಿ ಈಗ ಸೋಪಿಗೆ ಹೋಗುವುದಿಲ್ಲ.

ಮೊನ್ನೆ ಕೆಳಗಿನ ಬೀದಿಯ ಚಿಕ್ಕತಾಯಿಯ ಅವ್ವ ಹೋದಳು. ಚಿಕ್ಕತಾಯಿಯೂ ನನ್ನ ಹಾಗೆ ಸೊಂಟದವಳು, ಕೂದಲು ಆಗಲೇ ಅರ್ಧ ನೆರೆತಿದೆ. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಅವಳು ಕಣ್ಣುಮುಚ್ಚಿಕೊಂಡು ಬಳಿಯುತ್ತ, "ಪೂರ್ತಿ ಬೆನ್ನಿಗೆ ಯಾಕಕ್ಕ ಬಳೀಬೇಕು?" ಎಂದಳು. ಇಷ್ಟು ವರ್ಷಗಳಲ್ಲಿ ಹಾಗೆ ಕೇಳಿದವಳು ಅವಳೊಬ್ಬಳೇ. ಹೇಳಿಬಿಟ್ಟೆ. ಗೆರೆಗಳೆಲ್ಲ ಒಂದೇ ಎಂದೆ, ಬೆರಳು ತಾನಾಗಿ ಎಲ್ಲೂ ಹೋಗುವುದಿಲ್ಲ ಎಂದೆ. "ನಿನ್ನ ಬೆನ್ನುನೋಟದ ದಿನ ನಿಮ್ಮವ್ವ ಸೊಂಟ ತುರಿಸಿಕೊಂಡಳಾ, ಜ್ಞಾಪಿಸಿಕೋ" ಎಂದೆ. "ಕಣ್ಣು ಬಿಡು, ಇನ್ನೂ ಅರ್ಧ ಬೆನ್ನು ಕಾಣ್ತಿದೆ, ನೋಡು."

ಅವಳ ಕೈ ನಿಂತಿತು. ಮುಖ ನೋಡಿದರೆ ಗೊತ್ತಾಗುತ್ತಿತ್ತು, ಅವಳಿಗೆ ಜ್ಞಾಪಕ ಬಂದಿತ್ತು. ಕಣ್ಣು ಮಾತ್ರ ತೆರೆಯಲಿಲ್ಲ. ಅರಿಶಿನದ ಕೈಯಿಂದ ನನ್ನನ್ನು ಬಾಗಿಲ ಕಡೆಗೆ ನೂಕಿದಳು.

"ನಮ್ಮವ್ವ ಅಂಥೋಳಲ್ಲ" ಎಂದಳು. ಮತ್ತೆ ಬಾಗಿ, ಉಳಿದ ಅರ್ಧ ಬೆನ್ನಿಗೂ ಬಳಿದಳು.